ಹೆಟ್ಟಿ ತಲೆಯಾಡಿಸಿದಳು

ಅಕ್ಟೋಬರ್ ಹನ್ನೊಂದರ ಮಂಗಳವಾರ ಬೆಳಗ್ಗೆ ಹತ್ತೂಕಾಲಿನ ಹೊತ್ತಿಗೆ ಎಡ್ನಾ ಆಸ್ಪಿನಾಲ್ ತನ್ನ ಮಗ್ಗಗಳ ನಡುವೆ ನಿಂತು, ಓಣಿಯ ಆಚೆಯಿದ್ದ ಹೆಟ್ಟಿ ಕೆನ್ಯನ್‌ಗೆ ಏನೋ ಹೇಳಿದಳು. ಹೇಳಿ ಮುಗಿಸುವಾಗ ಸಣ್ಣಗೆ ನಕ್ಕಳು. ಹೆಟ್ಟಿಯೂ ನಕ್ಕಳು. ನಕ್ಕು ಎರಡು ಸಲ ತಲೆಯಾಡಿಸಿದಳು. ಎಡ್ನಾ ಹೇಳಿದ್ದರಲ್ಲಿ ಒಂದೇ ಒಂದು ಮಾತೂ ಅವಳಿಗೆ ತಿಳಿದಿರಲಿಲ್ಲ.

ಕಿವಿಗೆ ಕೇಳಿಸಲಿಲ್ಲ ಎನ್ನುವುದು ಅಲ್ಲಿ ದೊಡ್ಡ ಸಂಗತಿಯಲ್ಲ. ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಕಾಲಕ್ಕೆ ಸಾವಿರದ ಇನ್ನೂರು ಮಗ್ಗಗಳಿದ್ದ ಆ ಬಟ್ಟೆ ಗಿರಣಿಯ ಶೆಡ್ಡಿನಲ್ಲಿ 1983ರ ಹೊತ್ತಿಗೆ ಮುನ್ನೂರ ಹನ್ನೆರಡು ಉಳಿದಿದ್ದವು. ಒಂದೊಂದು ಮಗ್ಗದಲ್ಲೂ ಲಾಳಿ ನಿಮಿಷಕ್ಕೆ ಇನ್ನೂರು ಸಲ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತಿತ್ತು. ಮಗ್ಗದ ಮೇಲೆ ಕೈಯಿಟ್ಟರೆ ಸದ್ದು ಮೊಣಕೈವರೆಗೆ ಏರುತ್ತಿತ್ತು. ಅಲ್ಲಿ ದನಿ ತೆಗೆದು ಕೂಗಿದರೆ ಗಂಟಲು ಕೆಡುತ್ತದೆಯೇ ಹೊರತು ಮಾತು ಮುಟ್ಟುವುದಿಲ್ಲ. ಹಾಗಾಗಿ ಇಂಗ್ಲೆಂಡಿನ ಲ್ಯಾಂಕಷೈರಿನ ನೇಯುವ ಹೆಂಗಸರು ತಮ್ಮ ಅಜ್ಜಿಯರ ಕಾಲದಿಂದಲೂ ದನಿಯಿಲ್ಲದೆ ಮಾತಾಡುತ್ತಾರೆ. ತುಟಿ, ನಾಲಗೆ, ದವಡೆ, ಹುಬ್ಬು ಇಷ್ಟೇ ಸಾಕು. ಅದಕ್ಕೆ ಅವರು ಮೀಮಾ ಎನ್ನುತ್ತಾರೆ. ತಮಾಷೆಗೆ ಬಾಯಿ ಅಗಲ, ಗುಟ್ಟಿಗೆ ಬಾಯಿ ಚಿಕ್ಕದು.

ಆ ಶೆಡ್ಡಿನಲ್ಲಿ ಮೀಮಾ ಓದುವುದರಲ್ಲಿ ಹೆಟ್ಟಿಯನ್ನು ಮೀರಿಸಿದವರಿರಲಿಲ್ಲ. ಹದಿನಾಲ್ಕಕ್ಕೆ ಕೆಲಸಕ್ಕೆ ಸೇರಿದವಳು, ಈಗ ಐವತ್ತೆಂಟು. ಮೂರು ಓಣಿಗಳಾಚೆ ಇಬ್ಬರು ಮಾತಾಡಿಕೊಂಡದ್ದನ್ನು ಇಲ್ಲಿ ನೂಲು ಗಂಟು ಹಾಕುತ್ತಲೇ ಓದಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರಿಗೇ ಒಪ್ಪಿಸುತ್ತಿದ್ದಳು. ಮಗ್ಗ ರಿಪೇರಿ ಮಾಡುವ ಗಂಡಸರನ್ನು ಅಲ್ಲಿ ಟ್ಯಾಕ್ಲರ್ ಎನ್ನುತ್ತಾರೆ. ಅವರ ದಡ್ಡತನದ ಮೇಲೆ ಕತೆ ಕಟ್ಟುವುದು ಹೆಂಗಸರ ಹಕ್ಕು. ತಮ್ಮ ಟ್ಯಾಕ್ಲರ್ ಕ್ಲಿಫ್ ಬೀಗದ ಕೈ ಕಳೆದುಹೋಗಬಾರದೆಂದು ಅದನ್ನು ಮನೆಯೊಳಗೇ ಭದ್ರವಾಗಿಟ್ಟು ಹೊರಗಿನಿಂದ ಬೀಗ ಹಾಕಿದನೆಂಬ ಕತೆಯನ್ನು ಹೆಟ್ಟಿ ಕ್ಲಿಫ್‌ನ ಬೆನ್ನ ಹಿಂದೆ ನಿಂತು ಇಡೀ ಸಾಲಿಗೆ ತುಟಿಯಲ್ಲೇ ಹೇಳಿ, ಅವನು ತಿರುಗುವಷ್ಟರಲ್ಲಿ ಮಗ್ಗದ ಕಡೆ ಮುಖ ಮಾಡಿರುತ್ತಿದ್ದಳು.

ಅದು ಜುಲೈವರೆಗಿನ ಹೆಟ್ಟಿ.

ಜುಲೈ ಮೊದಲ ಎರಡು ವಾರ ಊರಿಗೆ ಊರೇ ಗಿರಣಿ ಮುಚ್ಚಿ ಸಮುದ್ರದ ಕಡೆ ಹೋಗುತ್ತದೆ. ಹೆಟ್ಟಿ ಎಂದಿನಂತೆ ಬ್ಲ್ಯಾಕ್‌ಪೂಲ್‌ನ ಅದೇ ವಸತಿಮನೆಯಲ್ಲಿದ್ದಳು. ಮೂರನೆಯ ದಿನ ತಿಂಡಿಯ ಮೇಜಿನಲ್ಲಿ ತಲೆ ಸಿಡಿಯತೊಡಗಿತು. ಕೈಯಲ್ಲಿದ್ದ ಪತ್ರಿಕೆಯ ಬಲ ಅರ್ಧ ಕಾಣೆಯಾಯಿತು. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಮಿದುಳಿನ ಹಿಂಭಾಗದಲ್ಲಿ, ಎಡಮಗ್ಗುಲಲ್ಲಿ, ಅಕ್ರೋಟು ಗಾತ್ರದ ಜಾಗಕ್ಕೆ ರಕ್ತ ಹೋಗುವುದು ನಿಂತಿತ್ತು ಎಂದರು. ಅದೃಷ್ಟವಂತೆ ನೀವು ಎಂದೂ ಹೇಳಿದರು. ಕೈಕಾಲು ಬೀಳಲಿಲ್ಲ, ಮಾತು ತೊದಲಲಿಲ್ಲ. ಮೂರು ವಾರದಲ್ಲಿ ದೃಷ್ಟಿ ಬಹುಪಾಲು ಮರಳಿತು. ಪತ್ರಿಕೆ ಓದುವುದು ಮಾತ್ರ ನಿಧಾನವಾಯಿತು. ಗಿರಣಿಗೆ ಕಳಿಸಿದ ಚೀಟಿಯಲ್ಲಿ ವೈದ್ಯರು ವಿಶ್ರಾಂತಿ ಎಂದಷ್ಟೇ ಬರೆದರು. ತಲೆನೋವಿತ್ತು ಎಂದು ಹೆಟ್ಟಿ ಹೇಳಿಕೊಂಡಳು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹೆಚ್ಚು ಕೇಳುವವರು ಮನೆಯಲ್ಲಿರಲಿಲ್ಲ.

ಆಗಸ್ಟ್ ಇಪ್ಪತ್ತೆರಡರ ಸೋಮವಾರ ಅವಳು ಕೆಲಸಕ್ಕೆ ಮರಳಿದಳು. ಮಗ್ಗಗಳು ಶುರುವಾದವು. ಮೂವತ್ತೊಂದು ವರ್ಷದಿಂದ ಎದುರು ಸಾಲಿನಲ್ಲಿ ನಿಂತಿದ್ದ ಎಡ್ನಾ ಕತ್ತು ಚಾಚಿ ಬಾಯಿ ತೆರೆದಳು. ಬಾಯಿ ಅಗಲವಾಯಿತು, ಚಿಕ್ಕದಾಯಿತು, ತುಟಿ ಕೂಡಿತು, ನಾಲಗೆಯ ತುದಿ ಕಂಡು ಮರೆಯಾಯಿತು. ಹೆಟ್ಟಿಗೆ ಪ್ರತಿಯೊಂದೂ ಚೆನ್ನಾಗಿ ಕಂಡಿತು. ಎಡ್ನಾಳ ಮುಂದಿನ ಹಲ್ಲಿನ ಸಣ್ಣ ಮುರುಕು ಸಹ ಕಂಡಿತು. ಮಾತು ಮಾತ್ರ ಬರಲಿಲ್ಲ. ದಿನವೂ ತಳ್ಳಿಕೊಂಡು ಒಳಗೆ ಹೋಗುತ್ತಿದ್ದ ಮನೆಯ ಬಾಗಿಲಿಗೆ ಯಾರೋ ಒಳಗಿನಿಂದ ಚಿಲಕ ಹಾಕಿದಂತಿತ್ತು. ಎಡ್ನಾ ಹುಬ್ಬೇರಿಸಿ ಉತ್ತರಕ್ಕೆ ಕಾದಳು. ಹೆಟ್ಟಿ ತಲೆಯಾಡಿಸಿದಳು. ಮೊದಲ ಸಲ ತಲೆಯಾಡಿಸಿದ್ದು ಅದು.

ಒಂದೆರಡು ದಿನದಲ್ಲಿ ಸರಿಹೋಗಬಹುದೆಂದು ಕಾದಳು. ಹೋಗಲಿಲ್ಲ. ಆದರೆ ಒಂದು ವಿಷಯ ಪತ್ತೆಯಾಯಿತು: ಮನುಷ್ಯರು ಆಡುವ ಮಾತಿನಲ್ಲಿ ಹೆಚ್ಚಿನದಕ್ಕೆ ಉತ್ತರ ಬೇಕಿಲ್ಲ. ಎದುರಿನವರ ಹುಬ್ಬೇರಿದರೆ ತನ್ನದನ್ನೂ ಏರಿಸಬೇಕು, ಅವರು ನಕ್ಕರೆ ನಗಬೇಕು, ಬಾಯಿ ನಿಂತಾಗ ತಲೆಯಾಡಿಸಬೇಕು. ಮುಖದ ಮೇಲಿನ ಸಿಟ್ಟು, ಸಂತೋಷ, ಬೇಸರ ಅವಳಿಗೆ ಮೊದಲಿನಂತೆಯೇ ತಿಳಿಯುತ್ತಿದ್ದವು. ಯಾರು ಯಾರೆಂದು ದೂರದಿಂದಲೇ ಗುರುತಾಗುತ್ತಿತ್ತು. ಕ್ಯಾಂಟೀನಿನಲ್ಲಿ ದನಿಯಿತ್ತು, ಕಿವಿಯಿತ್ತು. ಹೀಗೆ ವಾರಗಳು ಕಳೆದವು. ಯಾರಿಗೂ ಅನುಮಾನ ಬರಲಿಲ್ಲ. ಅದು ಹೆಟ್ಟಿಗೆ ಸಮಾಧಾನವಾಗುವ ಬದಲು ಒಳಗೊಳಗೇ ಕುಟುಕಿತು. ನಲವತ್ತನಾಲ್ಕು ವರ್ಷ ತಾನು ಎಲ್ಲರ ಮಾತನ್ನೂ ಓದಿದ್ದಕ್ಕೆ ಬೆಲೆ ಇಷ್ಟೇ ಇತ್ತೇ ಎಂದು.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಆಸ್ಪತ್ರೆಯಲ್ಲಿ ಮರುತಪಾಸಣೆಯಿತ್ತು. ಅಲ್ಲಿ ವಿಶ್ವವಿದ್ಯಾಲಯದಿಂದ ಬಂದ ಡಾಕ್ಟರ್ ಹಿಲರಿ ಮಾಸನ್ ಎಂಬ ಯುವತಿ ಒಂದು ಗಂಟೆ ನಲವತ್ತು ನಿಮಿಷ ಅವಳನ್ನು ಕೂರಿಸಿಕೊಂಡಳು. ಮೊದಲು ಹೆಸರಾಂತ ಮುಖಗಳ ನಲವತ್ತು ಫೋಟೋ ತೋರಿಸಿದಳು. ಹೆಟ್ಟಿ ನಲವತ್ತನ್ನೂ ಗುರುತಿಸಿದಳು. ಸಿಟ್ಟು, ಹೆದರಿಕೆ, ನಗು ತೋರಿಸುವ ಇಪ್ಪತ್ತನಾಲ್ಕು ಮುಖಗಳಲ್ಲಿ ಇಪ್ಪತ್ತಮೂರು ಸರಿ. ಆಮೇಲೆ ಒಬ್ಬಳೇ ಹೆಂಗಸು ‘ಆ’ ಎನ್ನುವ, ‘ಈ’ ಎನ್ನುವ, ‘ಊ’ ಎನ್ನುವ ಫೋಟೋಗಳು. ಯಾವುದು ಯಾವುದೆಂದು ಬೇರೆ ಬೇರೆ ಇಡಿ ಎಂದಳು. ಹೆಟ್ಟಿ ಬಹಳ ಹೊತ್ತು ನೋಡಿದಳು. ಹಲ್ಲು ಎಣಿಸಬಲ್ಲವಳಾಗಿದ್ದಳು. ಯಾವ ಬಾಯಿ ಯಾವ ಸದ್ದಿನದೆಂದು ಹೇಳಲಾಗಲಿಲ್ಲ. ಕಣ್ಣು ಮುಚ್ಚಿ ಹಂಚಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

ಕೊನೆಗೆ ಟೀವಿಯಲ್ಲಿ ಒಬ್ಬ ಗಂಡಸು ಒಂದೇ ಅಕ್ಷರ ಮತ್ತೆ ಮತ್ತೆ ಹೇಳುತ್ತಿದ್ದ. ಏನು ಕೇಳಿಸುತ್ತಿದೆ ಎಂದಳು ಹಿಲರಿ. ‘ಬ’ ಎಂದಳು ಹೆಟ್ಟಿ. ಸದ್ದು ‘ಬ’ ಎಂಬುದೇ, ಆದರೆ ಬಾಯಿ ಆಡುತ್ತಿರುವುದು ‘ಗ’ ಎಂದು ಹಿಲರಿ ವಿವರಿಸಿದಳು. ಬೇರೆಯವರ ಮಿದುಳು ಕಣ್ಣಿನ ಮಾತನ್ನೂ ಕಿವಿಯ ಮಾತನ್ನೂ ಕೇಳಿಸಿಕೊಂಡು, ಎರಡನ್ನೂ ಬೆರೆಸಿ, ಅಲ್ಲಿ ಇಲ್ಲದ ‘ದ’ ಎಂಬ ಮೂರನೆಯ ಸದ್ದನ್ನು ಕೇಳುತ್ತದೆ. ಹೆಚ್ಚಿನವರಿಗೆ ಹಾಗೇ. ಹೆಟ್ಟಿಯ ಮಿದುಳು ಕಣ್ಣಿನ ಮಾತನ್ನು ಕೇಳುತ್ತಿಲ್ಲ. ಮುಖ ಯಾರದೆಂದು ಹೇಳುವ ಭಾಗ ಬೇರೆ, ಮುಖದಲ್ಲಿ ಏನು ಭಾವವೆಂದು ಹೇಳುವ ಭಾಗ ಬೇರೆ, ಬಾಯಿಯ ಚಲನೆಯನ್ನು ಮಾತಾಗಿ ಮಾಡುವ ಭಾಗ ಬೇರೆ ಎಂದು ಕಾಣುತ್ತದೆ. ನಿಮ್ಮಲ್ಲಿ ಮೊದಲೆರಡು ಉಳಿದಿವೆ, ಮೂರನೆಯದು ಹೋಗಿದೆ ಎಂದಳು. ಸರಿಹೋಗುತ್ತದೆಯೇ ಎಂದದ್ದಕ್ಕೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿದಳು.

“ಮಿಸೆಸ್ ಕೆನ್ಯನ್, ಮಗ್ಗದ ಶೆಡ್ಡಲ್ಲಿ ಇದಿಲ್ದೆ ಕಷ್ಟ ಅಲ್ವಾ? ಜೊತೆಯವ್ರಿಗೆ ಹೇಳಿದೀರಿ ತಾನೆ?” ಎಂದು ಕೇಳಿದಳು.

ಹೆಟ್ಟಿ ಅಲ್ಲಿಯೂ ತಲೆಯಾಡಿಸಿದಳು.

ಹೇಳದಿರಲು ಕಾರಣಗಳನ್ನು ಅವಳು ತನಗೆ ತಾನೇ ಒದಗಿಸಿಕೊಂಡಿದ್ದಳು. ಕ್ರಿಸ್‌ಮಸ್‌ಗೆ ಮುಂಚೆ ಇಪ್ಪತ್ತು ಜನರನ್ನು ಮನೆಗೆ ಕಳಿಸುತ್ತಾರೆಂಬ ಸುದ್ದಿಯಿತ್ತು. ಆದರೆ ನಿಜವಾದ ಕಾರಣ ಜೀನ್ ಬಟರ್‌ವರ್ತ್. 1956ರಲ್ಲಿ ಸೇರಿದ್ದ ಆ ಹುಡುಗಿಗೆ ಮೀಮಾ ಹತ್ತಲೇ ಇಲ್ಲ. ಏನು ಹೇಳಿದರೂ ಮಿಕಿಮಿಕಿ ನೋಡುತ್ತಿದ್ದಳು. ಹೆಟ್ಟಿ ಅವಳಿಗೆ ಕಣ್ಗಿವುಡಿ ಎಂದು ಹೆಸರಿಟ್ಟಳು. ಅವಳ ಎದುರಿಗೇ, ಅವಳಿಗೆ ಓದಲು ಬಾರದೆಂದು ಗೊತ್ತಿದ್ದೇ, ಇಡೀ ಓಣಿಗೆ ತುಟಿಯಲ್ಲಿ ಅವಳನ್ನು ಆಡಿಕೊಂಡಳು. ಎಲ್ಲರೂ ನಕ್ಕಾಗ ಜೀನ್ ಕೂಡ ನಗುತ್ತಿದ್ದಳು, ತಲೆಯಾಡಿಸುತ್ತಿದ್ದಳು. ಮೂರು ವಾರಕ್ಕೆ ಕೆಲಸ ಬಿಟ್ಟು ಹೋದಳು. ಆ ಹುಡುಗಿ ನಗುತ್ತಿದ್ದುದು ಯಾಕೆಂದು ಹೆಟ್ಟಿಗೆ ತಿಳಿದದ್ದು ಇಪ್ಪತ್ತೇಳು ವರ್ಷದ ಮೇಲೆ, ಈ ಆಗಸ್ಟಿನಲ್ಲಿ.

ಮತ್ತೆ ಮಂಗಳವಾರಕ್ಕೆ ಬರಬೇಕು.

ಎಡ್ನಾ ಅಂದು ಬಾಯಿ ಚಿಕ್ಕದಾಗಿಟ್ಟು ಮಾತಾಡಿದ್ದಳು. ಅದು ಹೆಟ್ಟಿಯ ಗಮನಕ್ಕೆ ಬಂದಿತ್ತು. ಮಾತು ಮಾಮೂಲಿಗಿಂತ ಉದ್ದವೂ ಇತ್ತು. ಆದರೆ ಕೊನೆಯಲ್ಲಿ ನಗುವಿತ್ತಲ್ಲ, ಆ ನಗುವನ್ನೇ ನಂಬಿ ಹೆಟ್ಟಿ ತಾನೂ ನಕ್ಕಳು. ಎಡ್ನಾ ಒಂದು ಕ್ಷಣ ಅವಳ ಮುಖ ನೋಡಿ, ನಿರಾಳವಾದವಳಂತೆ ಮಗ್ಗದ ಕಡೆ ತಿರುಗಿದಳು. ಬುಧವಾರ ಇಬ್ಬರೂ ಕ್ಯಾಂಟೀನಿನಲ್ಲಿ ಒಟ್ಟಿಗೇ ಕುಳಿತು ಆಲೂಗಡ್ಡೆ ಪೈ ತಿಂದರು. ಎಡ್ನಾ ಆ ವಿಷಯ ಎತ್ತಲಿಲ್ಲ. ಎತ್ತುವ ಹಾಗೆಯೂ ಇರಲಿಲ್ಲ, ಅದು ಹೆಟ್ಟಿಗೆ ಆಮೇಲೆ ಹೊಳೆಯಿತು.

ಗುರುವಾರ ಎಡ್ನಾ ಕೆಲಸಕ್ಕೆ ಬರಲಿಲ್ಲ. ಅವಳ ಎಂಟು ಮಗ್ಗಗಳನ್ನು ಬೇರೊಬ್ಬಳು ನೋಡಿಕೊಂಡಳು. ನೆಗಡಿಯಿರಬೇಕೆಂದು ಹೆಟ್ಟಿ ಅಂದುಕೊಂಡಳು.

ಶುಕ್ರವಾರ ಎಡ್ನಾ ಬಂದಳು. ಬಂದವಳು ಓಣಿಗೆ ಬೆನ್ನು ಹಾಕಿ ನಿಂತಳು. ಸದ್ದಿರುವ ಕಡೆ ಜಗಳವಾಡುವುದು ಬೇರೆ ಥರ. ಮುಖ ತೋರಿಸದಿದ್ದರೆ ಮಾತು ಬಿಟ್ಟಂತೆ. ಮೂವತ್ತೊಂದು ವರ್ಷದಲ್ಲಿ ಎಡ್ನಾ ಅವಳಿಗೆ ಹಾಗೆ ಬೆನ್ನು ಹಾಕಿದ್ದು ಒಂದೇ ಸಲ, ಅದೂ ಅರ್ಧ ದಿನ. ಈಗ ಬೆಳಗಿನಿಂದ ಸಂಜೆವರೆಗೆ ಹೆಟ್ಟಿಗೆ ಕಂಡದ್ದು ನೀಲಿ ಮೇಲಂಗಿಯ ಬೆನ್ನು, ಕಟ್ಟಿದ ಪಟ್ಟಿಯ ಗಂಟು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಡ್ನಾ ಬೇರೆ ಮೇಜಿಗೆ ಹೋಗಿ ಕೂತು, ಟೀ ಕುಡಿದು ಬೇಗ ಎದ್ದುಹೋದಳು. ಹೆಟ್ಟಿ ಪಕ್ಕದಲ್ಲಿದ್ದ ಕ್ಯಾತ್‌ಳನ್ನು ಕೇಳಿದಳು.

“ಎಡ್ನಾಗೆ ಏನಾಗಿದೆ ಕಣೇ?”

ಕ್ಯಾತ್ ಲೋಟ ಕೆಳಗಿಟ್ಟು ಅವಳನ್ನೇ ನೋಡಿದಳು. “ನಿನಗೆ ಗೊತ್ತಿಲ್ವಾ? ನಿನಗೇ?”

ಆಮೇಲೆ ಅಕ್ಕಪಕ್ಕ ಕಣ್ಣು ಹಾಯಿಸಿ, ದನಿ ನಿಲ್ಲಿಸಿ, ಬರಿಯ ತುಟಿಯಲ್ಲಿ ಹೇಳತೊಡಗಿದಳು.

ಆಗ ಹೆಟ್ಟಿಗೆ ಅರ್ಧ ತಿಳಿಯಿತು. ಹೆಂಗಸರ ದೇಹದ ವಿಷಯವನ್ನು ಆ ಊರಿನಲ್ಲಿ ದನಿಯಲ್ಲಿ ಹೇಳುವುದಿಲ್ಲ. ಬಸಿರು ನಿಂತದ್ದು, ಹೋದದ್ದು, ಮುಟ್ಟು, ಗರ್ಭಕೋಶ, ಕ್ಯಾನ್ಸರ್ ಇವೆಲ್ಲ ತುಟಿಯ ಮಾತುಗಳು. ಎಷ್ಟು ನಿಶ್ಶಬ್ದವಾದ ಕೋಣೆಯಾದರೂ, ಇರುವವರು ಇಬ್ಬರೇ ಆದರೂ, ಆ ಮಾತು ಬಂದಾಗ ದನಿ ಆರುತ್ತದೆ, ಬಾಯಿ ಮಾತ್ರ ಆಡುತ್ತದೆ. ಹೆಟ್ಟಿಯ ಅಮ್ಮ ತನ್ನ ಸಾವಿನ ಕಾಯಿಲೆಯ ಹೆಸರನ್ನು ಒಮ್ಮೆಯೂ ದನಿಯಲ್ಲಿ ಹೇಳದೆ ಸತ್ತಿದ್ದಳು. ಎಡ್ನಾ ಹೇಳಿದ್ದು ಅಂಥದ್ದೊಂದು. ಅಂದಮೇಲೆ ಎರಡನೆಯ ಸಲ ಹೇಳುವ ಮಾತಲ್ಲ.

ಕ್ಯಾತ್‌ಳ ಬಾಯಿ ನಿಂತಿತು. ಹೆಟ್ಟಿಯ ಮುಖದಲ್ಲಿ ಏನೂ ಕಾಣದೆ ಅವಳು ಮತ್ತೊಮ್ಮೆ ಹೇಳಿದಳು, ಈ ಸಲ ಬಾಯಿ ಅಗಲಿಸಿ. ಆಮೇಲೆ ಮೂರನೆಯ ಸಲ. ಸುತ್ತಲಿನ ಮೇಜಿನವರು ತಿರುಗಿ ನೋಡುತ್ತಿದ್ದರು. ಇಷ್ಟು ಹೊತ್ತಾದ ಮೇಲೆ ಗೊತ್ತಾಗಲಿಲ್ಲ ಎನ್ನುವುದು ಹೇಗೆ? ಹೆಟ್ಟಿ ತಲೆಯಾಡಿಸಿದಳು. ಮುಖಕ್ಕೆ ಒಪ್ಪುವಷ್ಟು ಮರುಕ ತಂದುಕೊಂಡು ನಿಧಾನವಾಗಿ ತಲೆಯಾಡಿಸಿದಳು. ತನ್ನ ಗೆಳತಿಯ ಕಷ್ಟ ಏನೆಂದು ಕೇಳಿದ್ದಕ್ಕೆ ಬಂದ ಉತ್ತರಕ್ಕೂ ತಲೆಯಾಡಿಸಿದೆನಲ್ಲ ಎಂಬುದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಜೊತೆಗೇ ನಡೆದು ಬಂತು.

ಭಾನುವಾರ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿಸಿಕೊಂಡು, ಹನ್ನೆರಡಕ್ಕೆ ಸರಿಯಾಗಿ, ಅವಳು ಎಡ್ನಾಳ ಮನೆಯ ಬಾಗಿಲು ತಟ್ಟಿದಳು. ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳ ಬೀದಿ. ಹೊಸ್ತಿಲಲ್ಲಿ ನಿಂತು ಮಾತಾಡಿದರೆ ಆರು ಮನೆಗೆ ಸುದ್ದಿ. ಎಡ್ನಾ ಒಳಗೆ ಬಾ ಎನ್ನಲಿಲ್ಲ. ಬಾಗಿಲು ಬಿಟ್ಟು ಹಿಂದೆ ಸರಿದಳು. ಅವಳ ಗಂಡನೂ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಇಬ್ಬರೂ ನಿಂತೇ ಇದ್ದರು. ಹೆಟ್ಟಿ ತಂದಿದ್ದ ಕೇಕಿನ ಪೊಟ್ಟಣವನ್ನು ಯಾರೂ ಮುಟ್ಟಲಿಲ್ಲ.

“ಗುರುವಾರ ನೀನು ಬರ್ಲಿಲ್ಲ. ಹುಷಾರಿಲ್ವೇನೋ ಅಂದ್ಕೊಂಡೆ,” ಎಂದಳು ಹೆಟ್ಟಿ.

“ಹುಷಾರಿಲ್ವೇನೋ ಅಂದ್ಕೊಂಡ್ಯಾ.” ಎಡ್ನಾ ಆ ಮಾತನ್ನು ಹಾಗೇ ಹಿಂದಕ್ಕೆ ಕೊಟ್ಟಳು.

ಆಮೇಲೆ ಅವಳ ದನಿ ಆರಿತು, ಬಾಯಿ ಆಡತೊಡಗಿತು. ಕೋಣೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಗೋಡೆಯಾಚೆ ಪಕ್ಕದ ಮನೆಯ ರೇಡಿಯೋ ಕೇಳುತ್ತಿತ್ತು. ಎಡ್ನಾಳ ತುಟಿಗಳು ಬೇಗ ಬೇಗ ಆಡಿದವು. ಎಡಗೈ ಎದೆಯವರೆಗೆ ಹೋಗಿ ಅಲ್ಲಿ ನಿಲ್ಲಲಾರದೆ ಇಳಿಯಿತು. ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಹೆದರಿಕೆ. ಹೆಟ್ಟಿ ಅದನ್ನೆಲ್ಲ ಓದಿದಳು. ಮಾತು ನಿಂತಿತು. ಹೆಟ್ಟಿಯ ತಲೆ ತನ್ನಷ್ಟಕ್ಕೆ ತಾನೇ ಬಾಗಲು ಹೊರಟಿತ್ತು. ಅವಳು ಗದ್ದವನ್ನು ಕೈಯಲ್ಲಿ ಹಿಡಿದುಕೊಂಡಳು.

“ಗಟ್ಟಿಯಾಗಿ ಹೇಳು ಎಡ್ನಾ.”

“ಏನಂದೆ?”

“ಬಾಯಿಬಿಟ್ಟು ಹೇಳೇ. ನನಗೆ ಗೊತ್ತಾಗ್ತಿಲ್ಲ.”

ಎಡ್ನಾಳ ಕತ್ತು ಕೆಂಪಾಯಿತು. “ಇದನ್ನೂ ಗಟ್ಟಿಯಾಗಿ ಹೇಳಿಸ್ಬೇಕಾ ನನ್ನ ಕೈಲಿ? ಮಂಗಳವಾರ ನಕ್ಕಿದ್ದು ಸಾಲ್ಲಿಲ್ವಾ ನಿನಗೆ?”

ಹೆಟ್ಟಿ ಕುರ್ಚಿಯ ಬೆನ್ನು ಹಿಡಿದು ಎಲ್ಲವನ್ನೂ ಹೇಳಿದಳು. ಬ್ಲ್ಯಾಕ್‌ಪೂಲ್, ಪತ್ರಿಕೆಯ ಬಲ ಅರ್ಧ, ಮಿದುಳಿನ ಎಡಮಗ್ಗುಲು, ಫೋಟೋಗಳು. ಹೇಳುತ್ತ ಹೋದಂತೆ ಅದು ಅವಳ ಕಿವಿಗೇ ಕಟ್ಟುಕತೆಯಂತೆ ಕೇಳಿತು. ಎಡ್ನಾಗೂ ಹಾಗೇ ಕೇಳಿರಬೇಕು. ಮುಖ ಗುರುತಾಗುತ್ತದೆ, ಸಿಟ್ಟು ಗೊತ್ತಾಗುತ್ತದೆ, ಬಾಯಿ ಕಾಣುತ್ತದೆ, ಆದರೆ ಮಾತು ಬರುವುದಿಲ್ಲ ಎಂದರೆ ಯಾರು ನಂಬಬೇಕು? ಅದೂ ಹೆಟ್ಟಿ ಕೆನ್ಯನ್‌ಗೆ.

ಎಡ್ನಾ ಹತ್ತಿರ ಬಂದು, ಒಂದು ಗಜ ದೂರದಲ್ಲಿ ನಿಂತು, ತುಟಿಯಲ್ಲಿ ಏನೋ ಅಂದಳು.

“ನಾನು ಏನಂದೆ ಹೇಳು.”

“ಗೊತ್ತಿಲ್ಲ.”

ಇನ್ನೊಂದು ಅಂದಳು, ತಮಾಷೆಗೆ ಮಾಡುವ ಹಾಗೆ ಬಾಯಿ ಅಗಲಿಸಿ.

“ಗೊತ್ತಿಲ್ಲ ಕಣೇ.”

ಮೂರನೆಯ ಸಲ ಎಡ್ನಾ ಬಹಳ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ, ಎರಡೇ ಎರಡು ಮಾತು ಆಡಿದಳು. ಹೆಟ್ಟಿ ಆ ಬಾಯಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

“ನಿನ್ನ ಹೆಸರು,” ಎಂದಳು ಎಡ್ನಾ. “ಹೆಟ್ಟಿ ಕೆನ್ಯನ್ ಅಂದೆ. ಅಷ್ಟೇ.”

ಇಬ್ಬರೂ ಕುಳಿತರು. ಪಕ್ಕದ ಮನೆಯ ರೇಡಿಯೋದಲ್ಲಿ ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಯಿತು.

“ಆಗಸ್ಟಿಂದಾನಾ?”

“ಹೂಂ.”

“ಎಂಟು ವಾರ ನಾನು ಗೋಡೆ ಜೊತೆ ಮಾತಾಡ್ತಿದ್ನಾ?”

“ಹೂಂ.”

“ನಮ್ಮ ಫ್ರಾಂಕ್ ವಿಷಯ ಹೇಳಿದ್ನಲ್ಲ?”

ಫ್ರಾಂಕ್ ಎಡ್ನಾಳ ತಮ್ಮ. ಅವನಿಗೆ ಏನಾಗಿದೆಯೆಂದು ಹೆಟ್ಟಿಗೆ ಗೊತ್ತಿರಲಿಲ್ಲ. ಹೆಟ್ಟಿ ಇಲ್ಲವೆಂದು ತಲೆಯಲ್ಲಾಡಿಸಲು ಹೋಗಿ, ಅದನ್ನೂ ನಿಲ್ಲಿಸಿ, ಇಲ್ಲ ಎಂದು ಬಾಯಲ್ಲಿ ಹೇಳಿದಳು.

“ಅದಕ್ಕೂ ತಲೆ ಆಡಿಸ್ದೆಯಲ್ಲೇ. ಅವತ್ತು ನನಗೆ ಎಷ್ಟು ಹಗುರ ಆಯ್ತು ಗೊತ್ತಾ.”

ಹೆಟ್ಟಿ ಮಡಿಲಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಎಂಟು ವಾರದಲ್ಲಿ ಎಷ್ಟು ಸಲ, ಯಾವ ಯಾವ ಮಾತಿಗೆ ತಲೆಯಾಡಿಸಿದ್ದಳೋ ಲೆಕ್ಕವಿರಲಿಲ್ಲ. ಹೇಳಿದವರೆಲ್ಲ ಹೇಳಿಕೊಂಡೆವೆಂದು ಮನೆಗೆ ಹೋಗಿದ್ದರು.

ಎಡ್ನಾ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಹೆಟ್ಟಿಯ ಕಡೆ ನೋಡದೆ, ಪರದೆಯ ಕಡೆ ಮುಖ ಮಾಡಿ, ತೀರ ತಗ್ಗಿದ ದನಿಯಲ್ಲಿ ಹೇಳಿದಳು.

“ಎದೇಲಿ ಗಂಟಿದೆ. ಎಡಗಡೆ.”

ಆ ಮಾತನ್ನು ಅವಳು ದನಿಯಲ್ಲಿ ಹೇಳಿದ್ದು ಅದೇ ಮೊದಲು. ವೈದ್ಯರ ಬಳಿಯೂ ಬೆರಳಲ್ಲಿ ತೋರಿಸಿದ್ದಳಂತೆ. ಹೇಳಿದ ಮೇಲೆ ತನ್ನ ದನಿಯನ್ನೇ ಕೇಳಿ ನಾಚಿಕೊಂಡವಳಂತೆ ಕತ್ತಿನ ಗುಂಡಿ ಹಾಕಿಕೊಂಡಳು.

ಮಿಕ್ಕದ್ದನ್ನು ತುಣುಕು ತುಣುಕಾಗಿ ಹೇಳಿದಳು. ಗುರುವಾರ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡುವುದಿತ್ತು. ನೀನು ಅರ್ಧ ದಿನ ರಜೆ ಹಾಕಿ ಜೊತೆಗೆ ಬಾ, ಒಂದು ಗಂಟೆಗೆ ಬಸ್ ನಿಲ್ದಾಣದಲ್ಲಿ ಸಿಗೋಣ ಎಂದು ಕೇಳಿದ್ದಳು. ಕೈ ಹಿಡಿದುಕೊಳ್ಳಲು ಕ್ಲಿಫ್‌ನನ್ನು ಕರೆದರೆ ಅವನು ಡಾಕ್ಟರಿಗೆ ಸ್ಪ್ಯಾನರ್ ಕೊಟ್ಟುಬಿಡುತ್ತಾನೆ ಎಂದಿದ್ದಳು. ಕೊನೆಯ ನಗು ಅದಕ್ಕೆ. ಹೆಟ್ಟಿ ನಕ್ಕು ತಲೆಯಾಡಿಸಿದ್ದನ್ನು ನೋಡಿ, ಆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದ್ದಳು. ಗುರುವಾರ ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗಲೇ ನಿಲ್ದಾಣದಲ್ಲಿದ್ದಳು. ಒಂದು ಗಂಟೆ ಐದರ ಬಸ್ಸನ್ನು ಬಿಟ್ಟಳು. ಒಂದು ಇಪ್ಪತ್ತೈದರದನ್ನೂ ಬಿಟ್ಟಳು. ಒಂದು ನಲವತ್ತೈದರ ಬಸ್ಸಿನಲ್ಲಿ ಹೋದದ್ದರಿಂದ ತಡವಾಗಿ, ಎಲ್ಲರಿಗಿಂತ ಕೊನೆಗೆ ಕರೆದರು. ಜೊತೆಗೆ ಯಾರೂ ಬಂದಿಲ್ಲವೇ ಎಂದು ನರ್ಸ್ ಕೇಳಿದಳಂತೆ.

“ಬರ್ತಿದ್ದಾಳೆ ಅಂದೆ,” ಎಂದಳು ಎಡ್ನಾ.

ಹೆಟ್ಟಿ ಆ ಹೊತ್ತಿಗೆ ತಾನು ಏನು ಮಾಡುತ್ತಿದ್ದೆನೆಂದು ನೆನಪಿಸಿಕೊಂಡಳು. ಗುರುವಾರ ಎರಡಕ್ಕೆ ಅವಳು ಐದನೆಯ ಮಗ್ಗದಲ್ಲಿ ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಾಯಿಸುತ್ತ, ಪಕ್ಕದ ಸಾಲಿನ ಮೇವಿಸ್ ಹೇಳಿದ ಯಾವುದೋ ಮಾತಿಗೆ ನಗುತ್ತಿದ್ದಳು. ಅದೇನೆಂದೂ ಗೊತ್ತಿರಲಿಲ್ಲ.

ತಪ್ಪಾಯಿತು ಎಂದಳು. ಆ ಮಾತು ಬಹಳ ಚಿಕ್ಕದಾಗಿ ಕೇಳಿತು. ಮಿದುಳಿನ ಕತೆಯನ್ನು ಇನ್ನೊಮ್ಮೆ ಎತ್ತಲು ಹೋದಾಗ ಎಡ್ನಾ ಕೈಯೆತ್ತಿ ತಡೆದಳು.

“ಗೊತ್ತಾಗ್ದೇ ಇದ್ದಿದ್ದು ನಿನ್ ತಪ್ಪಲ್ಲ ಹೆಟ್ಟಿ. ಅದನ್ನ ಯಾರೂ ಅನ್ನಲ್ಲ. ತಲೆ ಆಡಿಸಿದ್ದು ನಿನ್ ತಪ್ಪು.”

ಎಡ್ನಾ ಕಿಟಕಿ ಬಿಟ್ಟು ಬಂದು ಕುಳಿತಳು.

“ಬರೋ ಗುರುವಾರ ಫಲಿತಾಂಶ ಹೇಳ್ತಾರೆ. ಒಂದು ಐದರ ಬಸ್ಸು. ಬರ್ತೀಯಾ?”

ಹೆಟ್ಟಿಯ ತಲೆ ಮುಂದಕ್ಕೆ ಹೋಯಿತು. ಎಡ್ನಾ ಅದನ್ನೇ ನೋಡುತ್ತಿದ್ದಳು.

“ಬರ್ತೀನಿ,” ಎಂದಳು ಹೆಟ್ಟಿ.

ಸೋಮವಾರ ಬೆಳಗಿನ ಟೀ ಹೊತ್ತಿಗೆ ಅವಳು ಕ್ಯಾಂಟೀನಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದಳು. ಮೊದಲು ಯಾರೋ ನಕ್ಕರು, ತಮಾಷೆಯೆಂದುಕೊಂಡು. ಆಮೇಲೆ ಒಬ್ಬೊಬ್ಬರ ಮುಖದಲ್ಲೂ ತಾವು ಎಂಟು ವಾರದಲ್ಲಿ ಅವಳಿಗೆ ಏನೇನು ಹೇಳಿದ್ದೆವೆಂದು ಹಿಂದಕ್ಕೆ ಹುಡುಕುವುದು ಕಂಡಿತು. ಕ್ಯಾತ್ ಲೋಟದೊಳಗೆ ನೋಡುತ್ತಿದ್ದಳು. ಕ್ಲಿಫ್ ಮಾತ್ರ, ಮಗ್ಗ ಕೆಟ್ಟರೆ ಹೇಳುವಂತೆ, ಮೇಸ್ತ್ರಿಗೆ ಹೇಳಿ ನೋಡೋಣ ಕಣಮ್ಮಾ, ಬಟ್ಟೆ ಪರೀಕ್ಷೆ ಮಾಡುವ ಕೋಣೆಯಲ್ಲಿ ಸದ್ದಿಲ್ಲ ಎಂದ. ಅವನ ಮೇಲೆ ತಾನು ಕಟ್ಟಿದ ಕತೆಗಳೆಲ್ಲ ಹೆಟ್ಟಿಯ ಕಣ್ಣ ಮುಂದೆ ಹಾದುಹೋದವು.

ಎಲ್ಲರೂ ಎದ್ದ ಮೇಲೆ ಮೇವಿಸ್ ಹತ್ತಿರ ಬಂದಳು. ಶೆಡ್ಡಿನಲ್ಲಿ ಹೆಟ್ಟಿಯಷ್ಟೇ ಹಳಬಳು ಅವಳೊಬ್ಬಳೇ.

“ಜೀನ್ ಬಟರ್‌ವರ್ತ್ ಈಗ ಪ್ರೆಸ್ಟನ್‌ನಲ್ಲಿದ್ದಾಳೆ,” ಎಂದಳು. ದನಿಯಲ್ಲೇ ಹೇಳಿದಳು, ಹೆಟ್ಟಿಗೆ ತಪ್ಪದೆ ಕೇಳಿಸಲಿ ಎಂದು.

ಗುರುವಾರ ಅವರಿಬ್ಬರೂ ಒಂದು ಐದರ ಬಸ್ಸಿನಲ್ಲಿ ಹೋದರು. ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಗೋಡೆಗೆ ಸಾಲಾಗಿ ಕುರ್ಚಿಗಳು, ಏಳು ಮಂದಿ ಹೆಂಗಸರು. ಒಬ್ಬರದೂ ದನಿಯಿಲ್ಲ, ಬಾಯಿಗಳು ಮಾತ್ರ ಆಡುತ್ತಿದ್ದವು. ಅವರಲ್ಲಿ ಇಬ್ಬರು ಬೇರೆ ಗಿರಣಿಯ ನೇಕಾರರೆಂದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಎರಡು ಹತ್ತಕ್ಕೆ ಎಡ್ನಾಳನ್ನು ಕರೆದರು. ಹೆಟ್ಟಿ ಅವಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಹದಿನಾಲ್ಕು ನಿಮಿಷ.

ಕೋಣೆಯ ಆ ತುದಿಯಲ್ಲಿ ಬಾಗಿಲು ತೆರೆಯಿತು. ಎಡ್ನಾ ಅಲ್ಲಿಯೇ ನಿಂತು, ಮೂವತ್ತೊಂದು ವರ್ಷದ ಅಭ್ಯಾಸದಂತೆ, ಹೆಟ್ಟಿಯ ಮುಖವನ್ನು ಹುಡುಕಿ ತುಟಿಯಲ್ಲಿ ಹೇಳಿದಳು.

ಹೆಟ್ಟಿ ನೋಡಿದಳು. ಆ ಮುಖದಲ್ಲಿ ಹೆದರಿಕೆಯಿತ್ತು. ಕಾಯುವುದು ಮುಗಿದ ಹಗುರವೂ ಇತ್ತು. ಯಾವ ಸುದ್ದಿಗೂ ಆ ಮುಖ ಒಪ್ಪುತ್ತಿತ್ತು. ಎಡ್ನಾ ಮತ್ತೊಮ್ಮೆ, ಬಾಯಿ ಅಗಲಿಸಿ ಹೇಳಿದಳು. ಈ ಬದಿಯಲ್ಲಿ ಕುಳಿತಿದ್ದ ಇಬ್ಬರು ನೇಕಾರ ಹೆಂಗಸರು ಅದನ್ನು ಓದಿಕೊಂಡು, ಕಣ್ಣು ಕೆಳಗೆ ಹಾಕಿದರು. ಅವರಿಗೆ ಗೊತ್ತಾಗಿತ್ತು. ಹೆಸರೂ ತಿಳಿಯದ ಇಬ್ಬರಿಗೆ ಹೆಟ್ಟಿಗಿಂತ ಮೊದಲು ಗೊತ್ತಾಗಿತ್ತು. ಹೆಟ್ಟಿ ಕತ್ತು ಬಿಗಿಹಿಡಿದು ಕೂತಳು. ತಲೆಯಾಡಿಸಲಿಲ್ಲ.

ಎಡ್ನಾಗೆ ಆಗ ನೆನಪಾಯಿತು. ಅವಳು ಇಡೀ ಕೋಣೆಯನ್ನು ದಾಟಿ ಬಂದು ಹೆಟ್ಟಿಯ ಮುಂದೆ ನಿಂತಳು. ಇಂಥ ಮಾತಿಗೆ ದನಿ ಎಷ್ಟಿರಬೇಕೆಂಬ ಅಂದಾಜು ಅವಳಿಗಿರಲಿಲ್ಲ. ಅದು ಬೇಕಾದ್ದಕ್ಕಿಂತ ಎರಡರಷ್ಟು ಜೋರಾಗಿ ಬಂತು.

“ಕ್ಯಾನ್ಸರ್ ಅಂತೆ. ತೆಗೀಬೇಕಂತೆ. ನವೆಂಬರ್ ಏಳಕ್ಕೆ.”

ಏಳೂ ಜನರ ತುಟಿಗಳು ನಿಂತವು.

“ಬರ್ತೀನಿ,” ಎಂದಳು ಹೆಟ್ಟಿ. ಅದೂ ಅಷ್ಟೇ ಜೋರಾಗಿ ಬಂತು.

“ಮೆಲ್ಲಗೆ ಕಣೇ. ಎಲ್ಲಾ ನೋಡ್ತಿದಾರೆ.” ಎಡ್ನಾಳ ಕಿವಿಯ ತುದಿಗಳು ಕೆಂಪಾಗಿದ್ದವು. ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು ತನ್ನ ಚೀಲಕ್ಕೆ ಕೈ ಚಾಚಿದಳು.

ಎಲ್ಲರೂ ನೋಡುತ್ತಿದ್ದಾರೆಂದು ಹೆಟ್ಟಿಗೆ ಗೊತ್ತಿತ್ತು. ಅವರ ಬಾಯಿಗಳು ಮತ್ತೆ ಆಡತೊಡಗಿರಬಹುದು, ತಮ್ಮಿಬ್ಬರ ಬಗ್ಗೆಯೇ ಇರಬಹುದು. ಅವಳು ತಲೆಯೆತ್ತಿ ನೋಡಲಿಲ್ಲ. ಚೀಲವನ್ನು ಎಡ್ನಾಳ ಕೈಗೆ ಕೊಟ್ಟು, ಮಂಡಿಯ ಮೇಲೆ ಕಣ್ಣಿಟ್ಟು, ನವೆಂಬರ್ ಏಳು, ಸೋಮವಾರ, ಯಾವ ಬಸ್ಸು ಎಂದು ಕೇಳಿದಳು.